ಫ್ರೀಮಾಂಟ್‌ನಲ್ಲಿ ಮಗಳ ಹೈಸ್ಕೂಲಿನ ಕೊನೆಯ ದಿನಗಳು

ನಮಸ್ಕಾರ. ಈಗ ನೀವು ನೋಡುತ್ತಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ನಮ್ಮ ಮನೆಯ ಊಟದ ಮೇಜು. ಅದರ ಮೇಲೆ ಹರಡಿರುವ ನೀಲಿ ಗೌನು ಮಗಳದು, ಹೈಸ್ಕೂಲು ಮುಗಿಸುವ ಗ್ರಾಜುಯೇಷನ್ ಸಮಾರಂಭಕ್ಕೆ ತೊಡುವುದು. ಪಾಲಿಯೆಸ್ಟರ್ ಬಟ್ಟೆ, ಸುಟ್ಟೀತೆಂದು ಮೇಲೊಂದು ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡುತ್ತಿದ್ದೇನೆ. ಇನ್ನೆರಡು ವಾರಕ್ಕೆ ಅವಳ ಹನ್ನೆರಡನೇ ತರಗತಿ ಮುಗಿಯುತ್ತದೆ.

ಕೊನೆಯ ವರ್ಷದ ಮಕ್ಕಳನ್ನು ಇಲ್ಲಿ ಸೀನಿಯರ್ ಎನ್ನುತ್ತಾರೆ. ಅವರ ಸಂಭ್ರಮ ನೋಡುವಾಗೆಲ್ಲ ತಿಪಟೂರಿನ ನನ್ನ ಎಸ್ಸೆಸ್ಸೆಲ್ಸಿ ನೆನಪಾಗುತ್ತದೆ. ನಮಗೆ ಬೀಳ್ಕೊಡುಗೆ ಮೊದಲು, ಪಬ್ಲಿಕ್ ಪರೀಕ್ಷೆ ಆಮೇಲೆ. ಕೈಯಲ್ಲಿ ಕೇಸರಿಬಾತು, ತಲೆಯಲ್ಲಿ ಗಣಿತ. ಆಟೋಗ್ರಾಫ್ ಪುಸ್ತಕದಲ್ಲಿ ಗೆಳತಿಯರು ಬರೆದದ್ದೂ ‘ಪರೀಕ್ಷೆ ಚೆನ್ನಾಗಿ ಬರೆ’ ಎಂದೇ. ಇಲ್ಲಿ ಅರ್ಜಿ ಹಾಕಿದ ಕಾಲೇಜುಗಳ ಉತ್ತರ ಬಹುಪಾಲು ಮಾರ್ಚ್ ಮುಗಿಯುವಷ್ಟರಲ್ಲಿ ಬಂದಿರುತ್ತದೆ. ಯಾವ ಕಾಲೇಜು ಸೇರುತ್ತೇವೆಂದು ತಿಳಿಸಲು ಸಾಮಾನ್ಯವಾಗಿ ಮೇ 1 ಗಡುವು. ಆ ಹೊತ್ತಿಗೆ ಮಕ್ಕಳು ತಮ್ಮ ಕಾಲೇಜಿನ ಟೀ ಶರ್ಟ್ ತೊಟ್ಟು ಶಾಲೆಗೆ ಬರುತ್ತಾರೆ. ಮೇ ತಿಂಗಳ ಮೊದಲೆರಡು ವಾರದ ಎಪಿ, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ವಿಷಯಗಳ ಪರೀಕ್ಷೆಗಳೂ ಮುಗಿದವೆಂದರೆ ಮನಸ್ಸು ಹಗುರ. ಹಾಗೆಂದು ಪುಸ್ತಕ ಮುಚ್ಚುವಂತಿಲ್ಲ. ಅಂಕ ತೀರಾ ಕುಸಿದರೆ ಕಾಲೇಜು ಕೊಟ್ಟ ಸೀಟನ್ನು ಹಿಂಪಡೆಯಬಹುದು. ಇದನ್ನು ನಾನು ದಿನಕ್ಕೊಮ್ಮೆ ಹೇಳುತ್ತೇನೆ, ಅವಳು ದಿನಕ್ಕೊಮ್ಮೆ ತಲೆಯಾಡಿಸುತ್ತಾಳೆ.

ಪ್ರಾಮ್ ಎಂಬ ನೃತ್ಯಕೂಟ ಆಯಿತು, ವರ್ಷದ ಫೋಟೋಗಳಿರುವ ಇಯರ್‌ಬುಕ್ಕಿನಲ್ಲಿ ಗೆಳೆಯರ ಸಹಿಗಳೂ ತುಂಬಿದವು.

ಈ ದೃಶ್ಯ ಅವಳೇ ತೆಗೆದದ್ದು, ಹೋದ ಶುಕ್ರವಾರದ ಸೀನಿಯರ್ ಸನ್‌ಸೆಟ್. ಎಲ್ಲರೂ ಒಟ್ಟಿಗೆ ಕುಳಿತು ಸೂರ್ಯ ಮುಳುಗುವುದನ್ನು ನೋಡುವುದು, ಅಷ್ಟೇ. ಮೇ ಕೊನೆಯಲ್ಲಿ ಇಲ್ಲಿ ರಾತ್ರಿ ಎಂಟು ದಾಟಿದ ಮೇಲೆಯೇ ಕತ್ತಲಾಗುತ್ತದೆ. ಮೈದಾನದ ಹುಲ್ಲಿನ ಮೇಲೆ ಕಂಬಳಿ, ಚಿಪ್ಸ್ ಪೊಟ್ಟಣ, ಒಬ್ಬರ ಮಡಿಲಲ್ಲಿ ಇನ್ನೊಬ್ಬರ ತಲೆ. ಪಡುವಣದ ಕೊಲ್ಲಿಯ ಕಡೆ ಬೆಳಕು ಇಳಿಯುತ್ತಿದ್ದಂತೆ ಮೂಡಣದ ಮಿಷನ್ ಪೀಕ್ ಬೆಟ್ಟ ಕೆಂಪಾಗುತ್ತದೆ. ಇಷ್ಟು ಹೊತ್ತು ಗಲಗಲ ಎನ್ನುತ್ತಿದ್ದವರು ಇಲ್ಲಿ ಸುಮ್ಮನಾಗುತ್ತಾರೆ, ಕೇಳಿ. ಇದಕ್ಕೆ ನಾನು ಸಂಗೀತ ಸೇರಿಸಿಲ್ಲ.

ಗ್ರಾಜುಯೇಷನ್ ದಿನ ಮಕ್ಕಳ ಕೊರಳಿಗೆ ಹಾರ ಹಾಕುವ ರೂಢಿ ಇಲ್ಲಿದೆ, ಹವಾಯಿಯಿಂದ ಬಂದದ್ದು. ಹಿತ್ತಲ ಕುಂಡದಲ್ಲಿ ಮಲ್ಲಿಗೆ ಮೊಗ್ಗು ಬಿಟ್ಟಿದೆ. ಸೂಜಿಯಲ್ಲಿ ಪೋಣಿಸುವುದಿಲ್ಲ, ಅಮ್ಮ ಕಲಿಸಿದಂತೆ ಬೆರಳಿಗೆ ದಾರ ಸುತ್ತಿ ಕಟ್ಟುತ್ತೇನೆ.

ಇದು ಅವಳ ಟೋಪಿ. ಬಲಕ್ಕೆ ಇಳಿಬಿದ್ದಿರುವ ಈ ಕುಚ್ಚನ್ನು ಸಮಾರಂಭದಲ್ಲಿ ಎಡಕ್ಕೆ ಸರಿಸಿಕೊಳ್ಳುತ್ತಾರೆ. ಟೋಪಿಯ ಚೌಕದ ಮೇಲೆ ಇಷ್ಟಬಂದದ್ದನ್ನು ಬರೆಯಲು ಅವಳ ಶಾಲೆಯಲ್ಲಿ ಅನುಮತಿಯಿದೆ. “ಅಮ್ಮಾ, ಗುಡ್‌ಬೈಗೆ ಕನ್ನಡದಲ್ಲಿ ಏನು ಬರೆಯಲಿ?” ಎಂದು ಕೇಳಿದಳು. ಹೊಸ್ತಿಲು ದಾಟುವಾಗ ಬರೀ ‘ಹೋಗುತ್ತೇನೆ’ ಎಂದರೆ ನಮ್ಮಜ್ಜಿ ಗದರುತ್ತಿದ್ದರು. ‘ಹೋಗಿ ಬರುತ್ತೇನೆ’ ಎಂದು ಬರೆ ಎಂದೆ.

ಬಿಳಿ ಬಣ್ಣದಲ್ಲಿ, ಭಾನುವಾರದ ಕನ್ನಡ ತರಗತಿಯ ದುಂಡು ಅಕ್ಷರಗಳಲ್ಲಿ ಬರೆದಿದ್ದಾಳೆ. ತಕಾರಕ್ಕೆ ಒತ್ತು ಬಿಟ್ಟುಹೋಗಿತ್ತು. ಸರಿಮಾಡೋಣವೆಂದು ಕುಂಚಕ್ಕೆ ಕೈಚಾಚಿದೆ. “ನೀನು ಬರೆಯಬೇಡ, ತೋರಿಸು, ನಾನೇ ಹಾಕುತ್ತೇನೆ” ಎಂದಳು. ಮೇಜಿನ ಮೇಲೆ ಬೆರಳಿನಿಂದ ಬರೆದು ತೋರಿಸಿದೆ. ಅಕ್ಷರದ ಕೆಳಗೆ ಜಾಗ ಕಡಿಮೆಯಿತ್ತು. ಉಸಿರು ಬಿಗಿಹಿಡಿದು ಹಾಕಿದಳು. ಬಣ್ಣ ಇನ್ನೂ ಹಸಿಯಾಗಿದೆ, ಕ್ಯಾಮೆರಾ ತೀರಾ ಹತ್ತಿರ ತರಬೇಡ ಎನ್ನುತ್ತಿದ್ದಾಳೆ.