ದಾರಿಬದಿಯ ಮ್ಯೂಸಿಯಂಗಳು

ಕೇಳುಗರಿಗೆ ನಮಸ್ಕಾರ.

ಕಾಸರಗೋಡಿನಿಂದ ದೆಹಲಿಗೆ ಕಾರಿನಲ್ಲಿ ಹೋಗ್ತೇವೆ ಅಂದರೆ ನೆಂಟರು ಮೊದಲು ಕೇಳುವುದು, "ಯಾಕೆ, ರೈಲಿಲ್ವಾ?" ಅಂತ. ರೈಲಿದೆ. ಆದರೆ ನಾವು ಹೇಳಿದಲ್ಲಿ ಅದು ನಿಲ್ಲುವುದಿಲ್ಲ. ನಮಗೋ ದಾರಿಯಲ್ಲಿ ಮ್ಯೂಸಿಯಂ ಇದೆ ಅಂತ ಗೊತ್ತಾದರೆ ಇಳಿಯುವ ಚಾಳಿ. ರಾಜರ ಕತ್ತಿ, ಗುರಾಣಿಯ ದೊಡ್ಡ ಮ್ಯೂಸಿಯಂ ಅಲ್ಲ. ಯಾರೋ ಒಬ್ಬರು ಹಟ ಹಿಡಿದು ಹಳೇ ಸಾಮಾನು ಕೂಡಿಹಾಕಿದ್ದಾರಲ್ಲ, ಅಂಥದ್ದು.

ತಲಪಾಡಿ ದಾಟಿ 66ನೇ ಹೆದ್ದಾರಿ ಹಿಡಿದರೆ ಮಡಗಾಂವ್. ಅಲ್ಲೇ ಹತ್ತಿರ ಬೆನೌಲಿಂನಲ್ಲಿ 'ಗೋವಾ ಚಿತ್ರ' ಇದೆ. ವಿಕ್ಟರ್ ಹ್ಯೂಗೋ ಗೋಮ್ಸ್ ಎಂಬ ಕಲಾವಿದರು ಕಟ್ಟಿದ್ದು. ನೇಗಿಲು, ಅಳತೆಯ ಪಾತ್ರೆ, ಭರಣಿ, ಕಬ್ಬಿನ ಗಾಣ. ಕಟ್ಟಡಕ್ಕೂ ಕೆಡವಿದ ಹಳೇ ಮನೆಗಳ ಮರವನ್ನೇ ಬಳಸಿದ್ದಾರೆ. ಕಾರು ಓಡಿಸುತ್ತಿದ್ದ ಭಾವನಿಗೆ ಮಾತ್ರ ಸಮಾಧಾನ ಇಲ್ಲ. "ನಮ್ಮ ಕೊಟ್ಟಿಗೆಯ ಅಟ್ಟದಲ್ಲಿ ಇರುವುದನ್ನು ಟಿಕೆಟ್ ತೆಗೆದು ನೋಡ್ಲಿಕ್ಕೆ ಇಲ್ಲಿಗೆ ಬರ್ಬೇಕಾ ಮಾರಾಯ?" ಅಂದ. ಅಟ್ಟದ್ದು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು, ಅವನಿಗೇ ಗೊತ್ತಿಲ್ಲ!

ಘಾಟಿ ಹತ್ತಿ ಬೆಳಗಾವಿ, ನಿಪ್ಪಾಣಿ ಕಳೆದರೆ ಕೊಲ್ಹಾಪುರಕ್ಕೆ ಸ್ವಲ್ಪ ಮೊದಲು ಕಣೇರಿ. ಕಾಡಸಿದ್ಧೇಶ್ವರ ಮಠದ ಊರು, ಕನ್ನಡ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಮಠದವರು ಮಾಡಿದ ಸಿದ್ಧಗಿರಿ ಗ್ರಾಮಜೀವನ ಮ್ಯೂಸಿಯಂನಲ್ಲಿ ಆಳೆತ್ತರದ ಸುಮಾರು 300 ಸಿಮೆಂಟಿನ ಬೊಂಬೆಗಳು. ಕುಂಬಾರ, ಕಮ್ಮಾರ, ಬಳೆಗಾರ ಎಲ್ಲರೂ ಕೆಲಸದಲ್ಲಿ ಮುಳುಗಿದ್ದಾರೆ. ನನಗೆ ಈ ಕ್ರಮ ಇಷ್ಟವಾಯಿತು. ಸಾಮಾನನ್ನು ಸುಮ್ನೆ ಗಾಜಿನೊಳಗೆ ಇಟ್ಟರೆ ಅದು ಯಾತಕ್ಕೆ ಅಂತ ಮಕ್ಕಳಿಗೆ ತಿಳಿಯುವುದಿಲ್ಲ. ಇಲ್ಲಿ ಕೈ ಎಲ್ಲಿ, ಕಾಲೆಲ್ಲಿ ಅಂತ ಕಾಣುತ್ತದೆ.

ಮುಂದೆ ಪುಣೆ. ಶುಕ್ರವಾರ ಪೇಟೆಯಲ್ಲಿ ರಾಜಾ ದಿನಕರ ಕೇಳಕರ್ ಮ್ಯೂಸಿಯಂ. ದಿನಕರ ಕೇಳಕರ್ ಕವಿ, ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿ. ಚಿಕ್ಕ ಪ್ರಾಯದಲ್ಲೇ ತೀರಿಕೊಂಡ ಮಗ ರಾಜನ ಹೆಸರನ್ನು ಮ್ಯೂಸಿಯಂಗೆ ಇಟ್ಟರು. ಊರೂರು ಅಲೆದು ಸೇರಿಸಿದ್ದು 20,000ಕ್ಕೂ ಜಾಸ್ತಿ ವಸ್ತು. ಕೊನೆಗೆ ಎಲ್ಲವನ್ನೂ ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ಜಾಗ ಸಾಲದೆ ಸ್ವಲ್ಪ ಭಾಗ ಮಾತ್ರ ನೋಡಲು ಸಿಗುತ್ತದೆ.

ಅಲ್ಲಿಯ ಅಡಕತ್ತರಿಗಳ ಮುಂದೆ ನಾವು ತುಂಬಾ ಹೊತ್ತು ನಿಂತೆವು. ಅಡಕೆ ತೋಟದವರಲ್ವಾ! ನಮ್ಮ ಮನೆಯದ್ದು ಬರೀ ಕಬ್ಬಿಣ, ಎರಡು ಹಿಡಿ, ಒಂದು ಅಲಗು. ಇಲ್ಲಿ ಹಿತ್ತಾಳೆಯಲ್ಲಿ ಗಂಡ ಹೆಂಡತಿ, ಕುದುರೆ, ಹಕ್ಕಿ. ಅಮ್ಮ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಕೊನೆಗೆ ಒಂದನ್ನು ತೋರಿಸಿ, "ಇದು ಚೆಂದಕ್ಕೆ ಸರಿ. ಚಾಲಿ ಅಡಕೆ ಕತ್ತರಿಸಿದರೆ ಅಂಗೈಯಲ್ಲಿ ಗುಳ್ಳೆ ಬಂದೀತು" ಅಂದರು. ಪಕ್ಕದ್ದಕ್ಕೆ ಬೆರಳು ಮಾಡಿ, "ಅದು ದಿನಾ ಬಳಸಿದ್ದು. ಅಲಗಿನ ನಡು ಸವೆದದ್ದು ನೋಡಿ" ಅಂದರು. ಚೀಟಿಯಲ್ಲಿ ಇದು ಯಾವುದೂ ಇರಲಿಲ್ಲ. ಪಕ್ಕದಲ್ಲಿದ್ದ ಮರಾಠಿ ಹುಡುಗಿಯರಿಬ್ಬರು ಭಾಷೆ ಗೊತ್ತಿಲ್ಲದಿದ್ದರೂ ಅಮ್ಮನ ಕೈಯ ಅಭಿನಯ ನೋಡುತ್ತಾ ನಿಂತುಬಿಟ್ಟರು.

48ನೇ ಹೆದ್ದಾರಿ ಕಣೇರಿಯಿಂದ ದೆಹಲಿವರೆಗೂ ಜೊತೆಗಿರುತ್ತದೆ. ಅಹಮದಾಬಾದಿನ ವಿಶಾಲಾ ಎಂಬ ಹಳ್ಳಿ ಮಾದರಿಯ ಹೋಟೆಲಿನಲ್ಲಿ ಪಾತ್ರೆಗಳದ್ದೇ ಒಂದು ಮ್ಯೂಸಿಯಂ, 'ವೇಚಾರ್'. ಹಳೇ ತಾಮ್ರ, ಹಿತ್ತಾಳೆ ಕರಗಿಸಲು ಹೋಗುವುದನ್ನು ಕಂಡು ಸುರೇಂದ್ರ ಪಟೇಲರು 1981ರಲ್ಲಿ ಶುರು ಮಾಡಿದ್ದು. ದೆಹಲಿಯಲ್ಲಿ 1992ರ ಸುಲಭ್ ಶೌಚಾಲಯ ಮ್ಯೂಸಿಯಂ. ನಗಬೇಡಿ. ಫ್ರಾನ್ಸಿನ 14ನೇ ಲೂಯಿಯ ಸಿಂಹಾಸನದ ನಕಲು ಅಲ್ಲಿದೆ, ಕೂರುವ ಜಾಗದಲ್ಲೇ ಕಕ್ಕಸಿನ ವ್ಯವಸ್ಥೆ! ಭಾವ ಫೋಟೋ ತೆಗೆದದ್ದು ಅದೊಂದರದ್ದೇ.

ನೀವೂ ಹೊರಡುವುದಾದರೆ ತೆರೆದಿದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಮನೆಯಲ್ಲಿ ಗಾಣ, ಅಡಕತ್ತರಿ ಬಳಸಿದ ಹಿರಿಯರಿದ್ದರೆ ಅವರನ್ನೂ ಹೊರಡಿಸಿ. ಮುಂದಿನ ಸೀಟು ಅವರಿಗೆ.

ನಮಸ್ಕಾರ.