ಮೊಗ್ಗು ಕಾಯೋದಿಲ್ಲ: ಮನಸ್ಸು ಮತ್ತು ನಮ್ಮ ದಿನಚರಿ

ಎಲ್ಲರಿಗೂ ನಮಸ್ಕಾರ. ಸಂಘದ ಅಕ್ಕಂದಿರೆ, ಆಶಾ ಕಾರ್ಯಕರ್ತೆಯರೆ, ಜೀನ್ಸ್ ಹೊಲಿಯುವ ಯೂನಿಟ್‌ಗಳಿಂದ ಅರ್ಧ ದಿನದ ಕೂಲಿ ಬಿಟ್ಟು ಬಂದಿರುವ ಹೆಣ್ಣುಮಕ್ಕಳೆ, ಹಿಂದೆ ನಿಂತಿರುವ ಅಣ್ಣಂದಿರೆ. ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ನಡುಮಧ್ಯಾಹ್ನ ಮನೆಯಿಂದ ಹೊರಗೆ ಕಾಲಿಡೋದು ಸಣ್ಣ ಮಾತಲ್ಲ. ನೀವು ಬಂದಿದ್ದೀರಿ. ನನಗೆ ಗೊತ್ತಿರುವುದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ನಾನು 1987ರಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿ ಕೆಲಸಕ್ಕೆ ಸೇರಿದೆ. ಹಳ್ಳಿಯಲ್ಲಿ ಆ ಹೆಸರಿನಿಂದ ಯಾರೂ ಕರೆಯಲಿಲ್ಲ. ವಯಸ್ಸಾದವರಿಗೆ ನಾನು ‘ನರಸಮ್ಮ’, ಉಳಿದವರಿಗೆ ‘ಸಿಸ್ಟರ್’. ಹೆಗಲಿಗೆ ಲಸಿಕೆ ಡಬ್ಬ, ಕೈಯಲ್ಲಿ ರಿಜಿಸ್ಟರ್. ಮನೆಮನೆ ತಿರುಗೋದೇ ಕೆಲಸ.

ಆಗ ನಮ್ಮ ಜಿಲ್ಲೆಯಲ್ಲಿ ಒಂದು ದೊಡ್ಡ ಕೆಲಸ ನಡೆಯುತ್ತಿತ್ತು. ಇಲ್ಲಿ ಕೂತ ಹುಡುಗಿಯರಲ್ಲಿ ಬಹಳ ಜನಕ್ಕೆ ಇದು ಗೊತ್ತಿರಲಿಕ್ಕಿಲ್ಲ. 1982ರಲ್ಲಿ ದೇಶಕ್ಕೆ ಒಂದು ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಆದರೆ ಮನಸ್ಸಿನ ಕಾಯಿಲೆಗೆ ಔಷಧಿ ಹಳ್ಳಿಗೆ ತಲುಪೋದು ಹೇಗೆ? ಅದನ್ನು ಮಾಡಿ ನೋಡಲು ಬೆಂಗಳೂರಿನ ನಿಮ್ಹಾನ್ಸ್ ಆರಿಸಿಕೊಂಡದ್ದು ನಮ್ಮ ಬಳ್ಳಾರಿಯನ್ನು. 1985ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತರಬೇತಿ, ನಮ್ಮಂಥ ಕಾಲಾಳುಗಳಿಗೂ ತರಬೇತಿ. ಜ್ವರ, ಕೆಮ್ಮಿಗೆ ಬರುವ ಅದೇ ಬಾಗಿಲಲ್ಲೇ ಮನಸ್ಸಿನ ಕಾಯಿಲೆಗೂ ಮದ್ದು. ಮುಂದೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದಾಗ ಅದಕ್ಕೆ ಮಾದರಿಯಾದದ್ದು ಇದೇ ಕೆಲಸ. ಇವತ್ತಿಗೂ ಅದನ್ನು ‘ಬಳ್ಳಾರಿ ಮಾದರಿ’ ಅಂತಲೇ ಕರೆಯುತ್ತಾರೆ. ನಮ್ಮ ಊರಿನ ಹೆಸರು ಗಣಿಗೆ, ಬಿಸಿಲಿಗೆ ಮಾತ್ರ ಅಲ್ಲ, ಇದಕ್ಕೂ ಇದೆ. ಹೇಳುವಾಗ ನನಗೆ ಎದೆ ತುಂಬಿ ಬರುತ್ತದೆ.

ಮನೆಗೆ ಹೋದಾಗ ನಾನು ‘ನಿಮಗೆ ಮನಸ್ಸಿನ ಕಾಯಿಲೆ ಇದೆಯಾ’ ಅಂತ ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾರೆ, ಅಲ್ವಾ? ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಮೂರು ಮಾತು ಕೇಳುತ್ತಿದ್ದೆ. ‘ಯವ್ವಾ, ನಿದ್ದಿ ಬರ್ತದೇನು? ಊಟ ಸೇರ್ತದೇನು? ಕೆಲಸಕ್ಕೆ ಮನಸ್ಸು ಬರ್ತದೇನು?’ ಬಹಳ ಸಲ ಮೂರನೇ ಮಾತಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ‘ಮೊದಲು ನಸುಕಲ್ಲೇ ಎದ್ದು ಅಂಗಳ ಸಾರಿಸಿ ರಂಗೋಲಿ ಹಾಕ್ತಿದ್ಲು ನರಸಮ್ಮ, ಈಗ ಒಂದು ತಿಂಗಳಾತು, ನೀರೂ ಚಿಮುಕಿಸಲ್ಲ’ ಅಂತ ಅತ್ತೆ ಬೈಯುತ್ತಿದ್ದಳು. ಸೊಸೆ ಸೋಮಾರಿ ಅಂತ ಬೈಯುತ್ತಿದ್ದಳು. ನನಗೆ ಅದು ಕಾಯಿಲೆಯ ಮೊದಲ ಗುರುತು. ಮನಸ್ಸು ಕುಸಿಯುವುದು ಕಣ್ಣಿಗೆ ಕಾಣುವುದಿಲ್ಲ. ರಂಗೋಲಿ ಇಲ್ಲದ ಅಂಗಳ ಕಾಣುತ್ತದೆ.

ಮೂವತ್ತು ಚಿಲ್ಲರೆ ವರ್ಷ ಊರಿಗೆಲ್ಲ ಕೇಳಿದ ಆ ಮೂರು ಮಾತನ್ನು ನನಗೆ ನಾನು ಕೇಳಿಕೊಳ್ಳಲಿಲ್ಲ. ಅದನ್ನೂ ಹೇಳಬೇಕು.

ನಿವೃತ್ತಿಯಾಯಿತು. ಹಾರ ಹಾಕಿದರು, ಫೋಟೋ ತೆಗೆದರು. ಮೊದಲ ವಾರ ಚೆನ್ನಾಗಿತ್ತು. ಆಮೇಲೆ ಬೆಳಿಗ್ಗೆ ಏಳೋಕೆ ಕಾರಣವೇ ಇಲ್ಲ ಅನ್ನಿಸಿತು. ಮಗಳು ಬೆಂಗಳೂರಲ್ಲಿ, ಯಜಮಾನರು ತೀರಿಕೊಂಡು ಆರು ವರ್ಷ. ರಾತ್ರಿ ಒಂದರ ತನಕ ಮೊಬೈಲು, ಬೆಳಿಗ್ಗೆ ಒಂಬತ್ತಾದರೂ ಹಾಸಿಗೆ. ಅಡುಗೆ ಮಾಡೋಕೆ ಬೇಜಾರು, ಅದಕ್ಕೆ ಚಹಾ, ಬಿಸ್ಕೆಟ್. ದಿನಕ್ಕೆ ಆರು ಸಲ ಚಹಾ. ಯಾರಾದರೂ ಬಾಗಿಲು ತಟ್ಟಿದರೆ ಎದೆ ಧಸಕ್ ಅನ್ನುತ್ತಿತ್ತು. ನಿದ್ದೆ ಇಲ್ಲ, ಊಟ ಇಲ್ಲ, ಕೆಲಸಕ್ಕೆ ಮನಸ್ಸಿಲ್ಲ. ನನ್ನ ರಿಜಿಸ್ಟರಿನಲ್ಲಿ ಬರೆಯಬೇಕಾದ ಹೆಸರು ನನ್ನದೇ ಆಗಿತ್ತು.

ನಮ್ಮ ಪಕ್ಕದ ಮನೆಯಾಕೆ ಹೂವು ಕಟ್ಟಿ ಮಾರುತ್ತಾಳೆ. ಮಧ್ಯಾಹ್ನದ ಬಸ್ಸಿಗೆ ಹಡಗಲಿಯಿಂದ ಮಲ್ಲಿಗೆ ಮೊಗ್ಗು ಬರುತ್ತದೆ. ಒದ್ದೆ ಗೋಣಿತಟ್ಟಿನ ಮೇಲೆ ಸುರುವಿಕೊಂಡು ಕೂರುತ್ತಾಳೆ. ಒಂದಿನ ಮೂರೂವರೆ ಗಂಟೆಗೆ ಬಾಗಿಲಲ್ಲಿ ನಿಂತು ಕೂಗಿದಳು. ‘ಸಿಸ್ಟರ್, ಕಟ್ಟೋ ಹುಡುಗಿ ಬಂದಿಲ್ಲ. ಸುಮ್ನೆ ಕುಂತೀರಲ್ಲ, ಒಂದು ಕೈ ಹಚ್ರಿ. ಹೊತ್ತು ಮುಳುಗೋದ್ರಾಗ ಕಟ್ಟಲಿಲ್ಲ ಅಂದ್ರ ಅರಳಿ ಹೋಗ್ತಾವ.’

ಇವತ್ತು ಮನಸ್ಸಿಲ್ಲ ಅಂದೆ. ಆಕೆ ನನ್ನ ಮುಖ ನೋಡಿ, ‘ನಿಮ್ಮ ಮನಸ್ಸು ಬರೋತನಕ ಮೊಗ್ಗು ಕಾಯ್ತಾವೇನ್ರಿ?’ ಅಂದಳು. ಆಕೆಗೆ ಉಪದೇಶ ಮಾಡುವ ಉದ್ದೇಶ ಇರಲಿಲ್ಲ. ವ್ಯಾಪಾರ ಹಾಳಾಗುತ್ತದಲ್ಲ ಅನ್ನೋ ಚಿಂತೆ, ಅಷ್ಟೇ. ಹೋಗಿ ಕೂತೆ.

ಎಡಗೈಯಲ್ಲಿ ಬಾಳೆನಾರು. ಈ ಕಡೆ ಎರಡು ಮೊಗ್ಗು, ಆ ಕಡೆ ಎರಡು. ತೊಟ್ಟಿನ ಮೇಲೆ ನಾರು ಸುತ್ತಿ, ಕುಣಿಕೆಯೊಳಗೆ ತೂರಿಸಿ, ಎಳೆಯಬೇಕು. ಜಾಸ್ತಿ ಎಳೆದರೆ ತೊಟ್ಟು ಕತ್ತರಿಸಿ ಹೋಗುತ್ತದೆ. ಸಡಿಲ ಬಿಟ್ಟರೆ ಮುಡಿದವರ ಜಡೆಯಿಂದ ಉದುರುತ್ತದೆ. ಮೊದಲ ದಿನ ಒಂದು ಮೊಳ ಕಟ್ಟೋದರಲ್ಲಿ ಬೆರಳು ನೋವು ಬಂತು. ಆದರೆ ಆ ಒಂದು ಗಂಟೆ ನಾನು ಬೇರೆ ಏನನ್ನೂ ಯೋಚಿಸಿರಲಿಲ್ಲ. ಕೈಗೆ ಗಮನ ಬೇಕಾಗಿತ್ತು, ತಲೆಗೆ ಬಿಡುವು ಸಿಕ್ಕಿತ್ತು. ಮರುದಿನ ಮೂರೂವರೆಗೆ ನಾನೇ ಬಾಗಿಲು ತೆಗೆದುಕೊಂಡು ಕೂತಿದ್ದೆ.

ನನಗೆ ಸಂತೋಷ ಬಂದ ಮೇಲೆ ನಾನು ಎದ್ದು ಹೋಗಲಿಲ್ಲ. ಎದ್ದು ಹೋದೆ, ಕೈ ಆಡಿತು, ಮೂರನೇ ವಾರಕ್ಕೆ ಮನಸ್ಸು ಹಿಂದೆಯೇ ಬಂತು. ನಾವೆಲ್ಲ ಇದನ್ನು ತಿರುಗಾಮುರುಗಾ ಮಾಡಿಕೊಂಡಿದ್ದೇವೆ. ‘ಮನಸ್ಸು ಸರಿಯಾಗಲಿ, ಆಮೇಲೆ ವಾಕಿಂಗ್ ಹೋಗ್ತೀನಿ, ಆಮೇಲೆ ತಂಗಿಗೆ ಫೋನ್ ಮಾಡ್ತೀನಿ.’ ಆ ಆಮೇಲೆ ಬರುವುದೇ ಇಲ್ಲ. ಖಿನ್ನತೆಗೆ ಮಾತಿನ ಚಿಕಿತ್ಸೆ ಕೊಡುವವರು ಬಳಸುವ ಒಂದು ವಿಧಾನಕ್ಕೆ ‘ಬಿಹೇವಿಯರಲ್ ಆಕ್ಟಿವೇಶನ್’ ಅನ್ನುತ್ತಾರೆ. ಹೆಸರು ದೊಡ್ಡದು, ವಿಷಯ ನಮ್ಮ ಹೂವಿನಾಕೆ ಹೇಳಿದ್ದೇ. ಸಣ್ಣ ಕೆಲಸ, ಗೊತ್ತಾದ ಹೊತ್ತು, ಮನಸ್ಸಿಗೆ ಕಾಯದೆ ಶುರು ಮಾಡೋದು.

ಆ ಗೊತ್ತಾದ ಹೊತ್ತು ಅನ್ನೋದು ಬಹಳ ಮುಖ್ಯ. 21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಅಂತ ವಾಟ್ಸಾಪಲ್ಲಿ ಓದಿರುತ್ತೀರಿ. 22ನೇ ದಿನ ಅದು ಕೈಬಿಟ್ಟಾಗ ‘ನನ್ನ ಕೈಲಿ ಆಗಲ್ಲ’ ಅಂತ ಸೋತು ಕೂರುತ್ತೀರಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 96 ಜನರನ್ನು ಹಿಂಬಾಲಿಸಿ ನೋಡಿದ ಅಧ್ಯಯನವೊಂದು 2010ರಲ್ಲಿ ಅಚ್ಚಾಯಿತು. ಒಬ್ಬೊಬ್ಬರು ಒಂದೊಂದು ಸಣ್ಣ ಕೆಲಸ ಆರಿಸಿಕೊಂಡಿದ್ದರು. ಊಟದ ಜೊತೆ ಒಂದು ಹಣ್ಣು, ರಾತ್ರಿ ಊಟಕ್ಕೆ ಮೊದಲು ಹದಿನೈದು ನಿಮಿಷ ಓಟ, ಹೀಗೆ. ಅದು ತನ್ನಷ್ಟಕ್ಕೆ ಆಗುವಷ್ಟು ರೂಢಿಯಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕು ಅನ್ನುವ ಲೆಕ್ಕ ಬಂತು. ನನಗೆ ಅದರಲ್ಲಿ ತುಂಬಾ ಹಿಡಿಸಿದ್ದು ಇನ್ನೊಂದು ಮಾತು. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ. ಮನೆಯಲ್ಲಿ ಮಗುವಿಗೆ ಜ್ವರ ಬಂತು, ಒಂದು ದಿನ ತಪ್ಪಿತು. ಮರುದಿನ ಮತ್ತೆ ಹಿಡಿದುಕೊಳ್ಳಿ.

ಹೊಸ ಅಭ್ಯಾಸವನ್ನು ಹಳೆಯದರ ಸೆರಗಿಗೆ ಗಂಟು ಹಾಕಿ. ‘ನಾಳೆಯಿಂದ ದಿನಾ ಹತ್ತು ನಿಮಿಷ ಸುಮ್ನೆ ಕೂರ್ತೀನಿ’ ಅಂದರೆ ನಿಲ್ಲೋದಿಲ್ಲ. ‘ಒಲೆ ಆರಿಸಿದ ಮೇಲೆ ಹಿತ್ತಲ ಮೆಟ್ಟಿಲ ಮೇಲೆ ಕೂರ್ತೀನಿ’ ಅಂದರೆ ನಿಲ್ಲುತ್ತದೆ. ಒಲೆ ದಿನಾ ಆರಿಸುತ್ತೀರಿ, ಅದೇ ನೆನಪು ಮಾಡುತ್ತದೆ.

ಈಗ ಒಂದು ಪದದ ವಿಷಯ. ಬೇಜಾರು. ನಮ್ಮ ಕಡೆ ಬ್ಯಾಸರ. ಗಂಡ ಬೈದರೆ ಬೇಜಾರು, ಕರೆಂಟ್ ಹೋದರೆ ಬೇಜಾರು, ತಾಯಿ ಸತ್ತರೂ ಬೇಜಾರು. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತೇವೆ. ಚೀಲ ಭಾರ ಆಗುತ್ತದೆ, ಒಳಗೆ ಏನಿದೆ ಗೊತ್ತಾಗೋದಿಲ್ಲ. ದಿನಕ್ಕೆ ಒಂದು ಸಲ, ರಾತ್ರಿ ದೀಪ ಆರಿಸುವ ಮೊದಲು, ಆ ಚೀಲ ಬಿಚ್ಚಿ ನೋಡಿ ಅಂತ ನಾನು ಹೇಳುತ್ತೇನೆ. ಇದು ದಣಿವಾ? ಸಿಟ್ಟಾ? ಅವಮಾನವಾ? ಕಳವಳವಾ? ಯಾರೂ ಕೇಳೋರಿಲ್ಲ ಅನ್ನೋ ಒಂಟಿತನವಾ? ಅಥವಾ ಓರಗಿತ್ತಿಯ ಹೊಸ ಬಳೆ ನೋಡಿ ಬಂದ ಹೊಟ್ಟೆಕಿಚ್ಚಾ? ಹೊಟ್ಟೆಕಿಚ್ಚಿದ್ದರೂ ಪರವಾಗಿಲ್ಲ, ಹೆಸರು ಹೇಳಿ. ಬರೆಯೋಕೆ ಬಂದರೆ ಮಗುವಿನ ಹಳೆ ನೋಟ್‌ಬುಕ್ಕಲ್ಲಿ ಒಂದು ಸಾಲು ಬರೆಯಿರಿ. ಬರೆಯೋಕೆ ಬಾರದಿದ್ದರೆ ಬಾಯಲ್ಲಿ ಹೇಳಿಕೊಳ್ಳಿ. 2007ರಲ್ಲಿ ಲಾಸ್ ಏಂಜಲೀಸಿನ ವಿಜ್ಞಾನಿಗಳು ಮೆದುಳಿನ ಸ್ಕ್ಯಾನ್ ಮಾಡಿ ನೋಡಿದರು. ಸಿಟ್ಟು, ಭಯದ ಮುಖಗಳನ್ನು ತೋರಿಸಿ, ಆ ಭಾವನೆಯ ಹೆಸರು ಆರಿಸಿ ಅಂದಾಗ, ಮೆದುಳಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಅನ್ನೋ ಭಾಗದ ಆರ್ಭಟ ಕಡಿಮೆಯಾಗಿತ್ತು. ಹೆಸರು ಗೊತ್ತಾದರೆ ದಾರಿಯೂ ಬೇರೆ ಬೇರೆ. ದಣಿವಿಗೆ ನಿದ್ದೆ, ಒಂಟಿತನಕ್ಕೆ ಜನ. ದಣಿವು ಅಂದುಕೊಂಡು ಒಂಟಿತನಕ್ಕೆ ಮಲಗಿದರೆ ಅದು ಇನ್ನೂ ಜಾಸ್ತಿಯಾಗುತ್ತದೆ. ನನಗೆ ಆದದ್ದೇ ಅದು.

ನಿದ್ದೆಯ ಬಗ್ಗೆ ಸ್ವಲ್ಪ. ದೊಡ್ಡವರಿಗೆ ಕನಿಷ್ಠ 7 ಗಂಟೆ ಬೇಕು. ಚಹಾದಲ್ಲಿರುವ ಕೆಫೀನ್ ಸುಮಾರು ಐದು ಗಂಟೆ ಕಳೆದರೂ ಅರ್ಧದಷ್ಟು ದೇಹದಲ್ಲೇ ಇರುತ್ತದೆ. ಸಂಜೆ ಆರಕ್ಕೆ ವಗ್ಗಾಣಿ, ಮಿರ್ಚಿ ಜೊತೆ ಕುಡಿದ ಚಹಾ ರಾತ್ರಿ ಹನ್ನೊಂದಕ್ಕೂ ಅರ್ಧ ಎಚ್ಚರ ಇರುತ್ತದೆ ಅಂತ ತಿಳಿಯಿರಿ. ವಗ್ಗಾಣಿ ಬಿಡಿ ಅನ್ನೋದಿಲ್ಲ, ಚಹಾ ಮೂರು ಗಂಟೆಗೆ ಮುಗಿಸಿ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುತ್ತೀರಿ, ಒಳ್ಳೆಯದು. ಸೊಳ್ಳೆ ಪರದೆ ಕಟ್ಟಿ, ಮೊಬೈಲು ಕೆಳಗೇ ಇರಲಿ.

ವ್ಯಾಯಾಮದ ಮಾತು ಬಂದಾಗ ನನಗೆ ಒಂದು ಸಿಟ್ಟಿದೆ. ದಿನಕ್ಕೆ ಹತ್ತು ಗಂಟೆ ಮಷೀನ್ ಮುಂದೆ ಬಗ್ಗಿ ಪ್ಯಾಂಟಿಗೆ ಜೇಬು ಹೊಲಿಯುವ ಹುಡುಗಿಗೆ, ಮನೆಗೆ ಬಂದು ಹತ್ತು ರೊಟ್ಟಿ ಬಡಿಯುವ ಹುಡುಗಿಗೆ, ಬೆಳಿಗ್ಗೆ ಐದಕ್ಕೆ ಎದ್ದು ಯೋಗ ಮಾಡು ಅಂತ ವೇದಿಕೆ ಮೇಲಿಂದ ಹೇಳುವವರಿದ್ದಾರೆ. ವಾರಕ್ಕೆ 150 ನಿಮಿಷ ಮೈಗೆ ಸ್ವಲ್ಪ ದಣಿವಾಗುವಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನಿಜ. ಆದರೆ ಮನೆಗೆಲಸ, ನಡೆದು ಕೆಲಸಕ್ಕೆ ಹೋಗೋದು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ ಅಂತಲೂ ಅದೇ ಸಂಸ್ಥೆ ಹೇಳಿದೆ. ನಿಮಗೆ ಬೇಕಾಗಿರೋದು ಇನ್ನೊಂದು ಕೆಲಸ ಅಲ್ಲ. ಗಂಟೆಗೊಮ್ಮೆ ಎದ್ದು ಬೆನ್ನು ನೆಟ್ಟಗೆ ಮಾಡಿ, ದೂರ ಕಾಣುವ ಕೋಟೆ ಗುಡ್ಡದ ಕಡೆ ಎರಡು ನಿಮಿಷ ಕಣ್ಣು ಹಾಯಿಸಿ. ಮನೆಯ ಗಂಡಸರೇ, ಹಿಂದೆ ನಿಂತಿದ್ದೀರಲ್ಲ, ಸಂಜೆ ಪಾತ್ರೆ ನೀವು ತೊಳೆಯಿರಿ. ಅವರ ಮನಸ್ಸಿನ ಆರೋಗ್ಯಕ್ಕೆ ಅದಕ್ಕಿಂತ ಒಳ್ಳೆ ಔಷಧಿ ನನಗೆ ಗೊತ್ತಿಲ್ಲ.

ಒಳ್ಳೆಯ ಅಭ್ಯಾಸ ಅಂದರೆ ಯಾವಾಗಲೂ ನಗುತ್ತಾ ಇರೋದು ಅಂತ ತಿಳಿಯಬೇಡಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ತಾಯಿಯ ಎಳೆಗೂಸು ತೀರಿಕೊಂಡಿತು. ಧೈರ್ಯ ಹೇಳೋಕೆ ಹೋಗಿ, ‘ಮರೆತುಬಿಡವ್ವ, ಒಳ್ಳೆಯದನ್ನೇ ಯೋಚನೆ ಮಾಡು’ ಅಂದೆ. ಆಕೆ ಎದ್ದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಮುಂದಿನ ವಾರ ಹೋಗಿ ಏನೂ ಮಾತಾಡದೆ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿದೆ. ಅರ್ಧ ಮೊರ ಆದ ಮೇಲೆ ಆಕೆ ತಾನೇ ಕೂಸಿನ ಹೆಸರು ಎತ್ತಿದಳು. ದುಃಖಕ್ಕೆ ಜಾಗ ಕೊಡಬೇಕು. ಅಳುವವರ ಪಕ್ಕದಲ್ಲಿ ಕೂರುವುದೂ ಒಂದು ಅಭ್ಯಾಸವೇ, ಅದನ್ನೂ ರೂಢಿಸಿಕೊಳ್ಳಬೇಕು.

ಇನ್ನು ಆಶಾ ತಂಗಿಯರು ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಿ. ಹೂವು ಕಟ್ಟಿದರೆ, ನಡೆದಾಡಿದರೆ ಎಲ್ಲ ಕಾಯಿಲೆ ಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಎರಡು ವಾರಕ್ಕಿಂತ ಜಾಸ್ತಿ, ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ, ಊಟ, ಸ್ನಾನ ತಪ್ಪುತ್ತಾ ಹೋದರೆ, ಅದು ಡಾಕ್ಟರ್ ನೋಡಬೇಕಾದ ವಿಷಯ. ಅವರಿಗೆ ‘ಎದ್ದು ಓಡಾಡು’ ಅಂತ ಬೈಯಬೇಡಿ. ಕಾಲು ಮುರಿದವರಿಗೆ ಓಡು ಅಂದ ಹಾಗಾಗುತ್ತದೆ. ಕರೆದುಕೊಂಡು ಹೋಗಿ. ಮನೋಚೈತನ್ಯ ಅನ್ನೋ ಹೆಸರಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರನ್ನು ಕಾಣುವ ವ್ಯವಸ್ಥೆ ಇದೆ. ಹೋಗುವ ಮೊದಲು ಒಮ್ಮೆ ವಿಚಾರಿಸಿಕೊಳ್ಳಿ. ಯಾರಾದರೂ ‘ನಾನು ಇದ್ದು ಏನು ಮಾಡಬೇಕು’ ಅಂದರೆ ಅದನ್ನು ಸುಮ್ನೆ ಆಡಿದ ಮಾತು ಅಂತ ತಳ್ಳಿಹಾಕಬೇಡಿ. ಮೆಣಸಿನಕಾಯಿಗೆ ರೇಟ್ ಬಿದ್ದ ವರ್ಷ, ಸಾಲದವರು ಮನೆಗೆ ಬಂದ ವಾರ, ಇನ್ನೂ ಹುಷಾರಾಗಿರಿ. ‘ಸಾಯೋ ಯೋಚನೆ ಬರ್ತದೇನಪ್ಪಾ’ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನೋದು ಸುಳ್ಳು. ಕೇಳಿದ ಮೇಲೆ ಅವರನ್ನು ಒಬ್ಬರೇ ಬಿಡಬೇಡಿ, ಕೀಟನಾಶಕದ ಡಬ್ಬಿ ಕೈಗೆ ಸಿಗದ ಹಾಗೆ ಇಡಿ. 14416 ನಂಬರಿಗೆ ಫೋನ್ ಮಾಡಿ. ಅದು ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರ್ 10ರಿಂದ ಇದೆ. ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಈಗಲೇ ಮೊಬೈಲ್ ತೆಗೆದು ಆ ನಂಬರ್ ಸೇವ್ ಮಾಡಿಕೊಳ್ಳಿ, ನಾನು ಕಾಯುತ್ತೇನೆ. ಒಂದು, ನಾಲ್ಕು, ನಾಲ್ಕು, ಒಂದು, ಆರು.

ಆಯಿತಾ? ಪಕ್ಕದ ಅಜ್ಜಿಯ ಫೋನಿಗೂ ಹಾಕಿಕೊಡಿ.

ಈಗ ನೀವು ಪ್ರಶ್ನೆ ಕೇಳಬಹುದು. ಎಲ್ಲರ ಮುಂದೆ ಕೇಳೋಕೆ ಆಗದ ಮಾತು ಕೆಲವರ ಹತ್ತಿರ ಇರುತ್ತದೆ. ಅಂಥವರಿಗಾಗಿ ನಾನು ಊಟ ಆದ ಮೇಲೆ ಹೊರಗೆ ಬೇವಿನ ಮರದ ಕಟ್ಟೆ ಮೇಲೆ ಕೂತಿರುತ್ತೇನೆ. ಮೂರು ಗಂಟೆತನಕ ಇರುತ್ತೇನೆ. ಮೂರೂವರೆಗೆ ನನಗೆ ಮೊಗ್ಗು ಬರುತ್ತದೆ.