ಒಂದೇ ಕಥೆ, ಮೂರು ಸಲ: ಮಕ್ಕಳ ಬಾಯಲ್ಲಿ ಇಂಗ್ಲಿಷ್ ಮಾತು ಬರಿಸುವುದು ಹೇಗೆ?

ನಮಸ್ಕಾರ. ಪರೀಕ್ಷೆಯಲ್ಲಿ ಇಂಗ್ಲಿಷ್‌ಗೆ 80 ಅಂಕ ತೆಗೆಯುವ ಮಕ್ಕಳು, ಎದ್ದು ನಿಂತು ಎರಡು ವಾಕ್ಯ ಮಾತಾಡು ಅಂದರೆ ನೆಲ ನೋಡುತ್ತಾರೆ. ಯಾಕೆ? ನಮ್ಮ ಚಾನೆಲ್ ನೋಡುವ ಟೀಚರ್‌ಗಳು ಪದೇಪದೇ ಕೇಳುವ ಪ್ರಶ್ನೆ ಇದು.

ವ್ಯಾಕರಣ ಬೇಕು, ಪದಗಳು ಬೇಕು, ಅದು ನಿಮಗೆ ಗೊತ್ತೇ ಇದೆ. ಒಂದು ಲೆಕ್ಕ ಮಾತ್ರ ಹಾಕಿ. 40 ನಿಮಿಷದ ಪೀರಿಯಡ್, 50 ಮಕ್ಕಳು. ಮೇಷ್ಟ್ರು ಬಾಯೇ ಬಿಡದೆ ಎಲ್ಲರಿಗೂ ಸರದಿ ಕೊಟ್ಟರೂ ಒಬ್ಬರಿಗೆ ಸಿಗುವುದು 48 ಸೆಕೆಂಡ್. ಇಷ್ಟರಲ್ಲಿ ಯಾವ ಭಾಷೆ ತಾನೇ ಬರುತ್ತೆ?

[ಸ್ಕ್ರೀನ್ ಮೇಲೆ: 4 – 3 – 2]

ಇಂಗ್ಲಿಷ್ ಕಲಿಸುತ್ತಿದ್ದ ಕೀತ್ ಮಾರಿಸ್ 1983ರಲ್ಲಿ ಬರೆದ ಈ ವಿಧಾನ ನನಗೆ ತುಂಬಾ ಇಷ್ಟ. ಮಕ್ಕಳನ್ನು ಎದುರುಬದುರು ಎರಡು ಸಾಲು ಮಾಡಿ. ಒಂದು ಸಾಲಿನವರು ಒಬ್ಬೊಬ್ಬರೂ ತಮ್ಮ ಕಥೆ ಹೇಳಲಿ, ಇನ್ನೊಂದು ಸಾಲು ಕೇಳಲಿ. 4 ನಿಮಿಷ. ಚಪ್ಪಾಳೆ ತಟ್ಟಿ, ಕೇಳುವ ಸಾಲು ಒಂದು ಹೆಜ್ಜೆ ಪಕ್ಕಕ್ಕೆ. ಈಗ ಹೊಸ ಜೊತೆ, ಅದೇ ಕಥೆ, 3 ನಿಮಿಷ. ಮತ್ತೆ ಸರಿದು, 2 ನಿಮಿಷ. ಚಿಕ್ಕ ತರಗತಿಗೆ 2, ಒಂದೂವರೆ, 1 ಸಾಕು.

ಮದುವೆ ಮನೆಯ ಸುದ್ದಿಯನ್ನು ಮೂರನೇ ಪಕ್ಕದ ಮನೆಯವರಿಗೆ ಹೇಳುವಾಗ ಹೇಗೆ ತಡವರಿಸದೆ ಬರುತ್ತೆ ನೋಡಿ, ಹಾಗೇ ಇದು. ಕೇಳುವವರು ಹೊಸಬರು, ಹಾಗಾಗಿ ಸುದ್ದಿಯೂ ಅವರಿಗೆ ಹೊಸದು. ಹೇಳುವವರಿಗೆ ಮಾತ್ರ ದಾರಿ ಗೊತ್ತಿದೆ. ಮೊದಲ ಸಲ, "ಐ... ಗೋ... ಅಜ್ಜಿ ಹೌಸ್... ಅದು... ಬಸ್." ಮೂರನೇ ಸಲ, "ಐ ವೆಂಟ್ ಟು ಮೈ ಅಜ್ಜೀಸ್ ಹೌಸ್ ಬೈ ಬಸ್." ಅಜ್ಜಿ ಹಾಗೇ ಇರಲಿ ಬಿಡಿ!

25 ಮಕ್ಕಳು ಒಟ್ಟಿಗೇ ಮಾತಾಡುತ್ತಾರೆ. ಗಲಾಟೆ ಆಗುತ್ತೆ, ಆಗಲಿ. 48 ಸೆಕೆಂಡ್ ಇದ್ದದ್ದು ಒಬ್ಬೊಬ್ಬರಿಗೆ 9 ನಿಮಿಷ ಆಯಿತಲ್ವಾ? ಸಾಲು ಅದಲುಬದಲು ಮಾಡಿದರೂ 18 ನಿಮಿಷದಲ್ಲಿ ಮುಗಿಯುತ್ತೆ.

ಭಾಷಾ ಕಲಿಕೆಯ ಸಂಶೋಧಕ ಪಾಲ್ ನೇಷನ್ 1989ರಲ್ಲಿ ಇದನ್ನು ಪರೀಕ್ಷಿಸಿದಾಗ ಮಾತಿನ ವೇಗ ಹೆಚ್ಚಿತು, ತಡವರಿಕೆ ಇಳಿಯಿತು. 2011ರಲ್ಲಿ ಡಿ ಯೋಂಗ್ ಮತ್ತು ಪರ್ಫೆಟಿ ಎಂಬ ಸಂಶೋಧಕರು ಇನ್ನೊಂದು ವಿಷಯ ಕಂಡುಕೊಂಡರು. ಪ್ರತಿ ಸಲ ಹೊಸ ವಿಷಯ ಮಾತಾಡಿದವರಲ್ಲಿ ಆ ಸರಾಗ ಮಾತು ಆಮೇಲೆ ಉಳಿಯಲಿಲ್ಲ. ಅದೇ ಕಥೆಯನ್ನು ಮತ್ತೆ ಮತ್ತೆ ಹೇಳಿದವರಲ್ಲಿ ಉಳಿಯಿತು, ಹೊಸ ವಿಷಯ ಮಾತಾಡುವಾಗಲೂ! "ಹೇಳಿದ್ದನ್ನೇ ಹೇಳಬೇಡ" ಅಂತ ನಾವು ಮಕ್ಕಳನ್ನು ಗದರುತ್ತೇವಲ್ಲ, ಅದನ್ನು ಇವತ್ತೇ ಬಿಡಬೇಕು.

ಟೈಮ್ ಆಗ್ತಾ ಬಂತು, ಉಳಿದದ್ದು ಬೇಗ. ಈ ಆಟದಲ್ಲಿ ತಪ್ಪೂ ಮೂರು ಸಲ ಬರಬಹುದು. ಅದಕ್ಕೆ ಮೊದಲ ಸುತ್ತು ಮುಗಿದ ಮೇಲೆ ಜಾಸ್ತಿ ಮಕ್ಕಳು ಮಾಡಿದ ಒಂದೇ ಒಂದು ತಪ್ಪನ್ನು ಬೋರ್ಡ್ ಮೇಲೆ ತಿದ್ದಿ, ಯಾರ ಹೆಸರೂ ಹೇಳದೆ. ಇನ್ನೊಂದು, ಬೇರೆ ಪಾಠಗಳಲ್ಲೂ ನೀವು ಪ್ರಶ್ನೆ ಕೇಳಿದ ಮೇಲೆ 3 ಸೆಕೆಂಡ್ ಸುಮ್ಮನಿರಿ. ಹಾಗೆ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತೆ ಅಂತ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಅಮೆರಿಕದ ವಿಜ್ಞಾನ ತರಗತಿಗಳಲ್ಲಿ ತೋರಿಸಿದ್ದರು. ಇನ್ನು ಮೊದಲ ದಿನದ ವಿಷಯಕ್ಕೆ ಪಾಠದ ಪುಸ್ತಕ ತೆಗೆಯಬೇಡಿ. ಊರ ಜಾತ್ರೆ, ಸೋತ ಕಬಡ್ಡಿ ಮ್ಯಾಚ್, ಮನೆಯ ಕರು, ಇಂಥದ್ದು ಕೊಡಿ.